ತೂಕಪ್ಪನ ರಜೆ ಮತ್ತು ಮಾವನ ಗಿಟಾರು

ಧಾನ್ಯದ ಗಿರಣಿಯ ತೂಕದ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಕೂತ ಮನುಷ್ಯನಿಗೆ ಒಂದು ಭ್ರಮೆ ಹುಟ್ಟುವುದು ಸಹಜ. ಭಾರದ ವಿಷಯ ತನಗೆ ಗೊತ್ತಿದ್ದಷ್ಟು ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ ಎಂಬ ಭ್ರಮೆ. ತೂಕಪ್ಪನಿಗೂ ಅದು ಹುಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಅದು ಗಿರಣಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಮೂಟೆ ತುಂಬಿದ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತರೆ ಕಿಟಕಿಯೊಳಗಿನ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಓಡಾಡಿ ನಿಲ್ಲುತ್ತಿದ್ದವು. ನಿಂತ ಅಂಕಿಯನ್ನು ಗಟ್ಟಿಯಾಗಿ ಓದಿ ಚೀಟಿ ಹರಿದುಕೊಡುವುದು ತೂಕಪ್ಪನ ಕೆಲಸ. ಲಾರಿ ತುಂಬುವವರು ಬೇರೆ, ಇಳಿಸುವವರು ಬೇರೆ; ಈ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಸ್ವತಃ ಎತ್ತಿದ್ದ ಅತಿ ಭಾರದ ವಸ್ತು ಎಂದರೆ ಆ ಚೀಟಿಯ ಪುಸ್ತಕವೇ. ಆದರೂ "ಹದಿನಾಲ್ಕು ಟನ್ನು" ಎಂದು ಅವನು ಹೇಳುವ ಧಾಟಿ ಕೇಳಿದರೆ, ಅಷ್ಟನ್ನೂ ಈಗ ತಾನೇ ಹೆಗಲಿನಿಂದ ಇಳಿಸಿದ ದಣಿವು ಅದರಲ್ಲಿರುತ್ತಿತ್ತು.

ಇಂಥ ತಜ್ಞನ ಎದುರಿಗೆ ಒಂದು ಭಾನುವಾರ ಅವನ ಅತ್ತೆ ತಟ್ಟೆ ತೆಗೆಯುತ್ತಾ ನಿಟ್ಟುಸಿರು ಬಿಟ್ಟರು.

"ಇವತ್ತೂ ಇಳಿಸಿದ್ರಪ್ಪ. ಐದು ನಿಮಿಷ ತೊಡೆ ಮೇಲೆ ಇಟ್ಕೊಂಡ್ರು. ವಾಪಸ್ ನೇತುಹಾಕಿದ್ರು."

ಅವರು ಹೇಳಿದ್ದು ಮಾವನ ಗಿಟಾರಿನ ವಿಷಯ. ಮಾವ ಅದೇ ಗಿರಣಿಯಲ್ಲಿ ಬಡಗಿಯಾಗಿದ್ದವರು. ನಲವತ್ತು ವರ್ಷದ ಹಿಂದೆ, ಗಿರಣಿಯ ಮುರಿದ ಬಾಗಿಲೊಂದರ ಹಲಗೆಗಳನ್ನು ಅಂಟಿಸಿ, ಕೊರೆದು, ತಿದ್ದಿ, ತಮ್ಮ ಕೈಯಿಂದಲೇ ಒಂದು ಎಲೆಕ್ಟ್ರಿಕ್ ಗಿಟಾರು ಮಾಡಿದ್ದರು. ತಂತಿಯ ಕಂಪನವನ್ನು ಹಿಡಿಯುವ ಸುರುಳಿಯನ್ನು, ಹಳೆಯ ರೇಡಿಯೊದಿಂದ ಬಿಚ್ಚಿದ ಆಯಸ್ಕಾಂತದ ಮೇಲೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯನ್ನು ಹೆಂಡತಿಯ ಹೊಲಿಗೆ ಯಂತ್ರದಿಂದ ಸುತ್ತಿ ಮಾಡಿದ್ದರು. ಮೇಲೆ ಬಳಿದದ್ದು ಗಿರಣಿಯ ಯಂತ್ರಗಳಿಗೆ ಬಳಿಯುವ ಹಸಿರು ಬಣ್ಣ. ಉಳಿದಾಗಲೆಲ್ಲ ಇನ್ನೊಂದು ಪದರ. ಬಾಗಿಲು ಬಾಗಿಲೇ ಆದ್ದರಿಂದ ನಾಲ್ಕು ಬೆರಳು ದಪ್ಪವಿತ್ತು, ಭಾರವೂ ಹಾಗೆಯೇ ಇತ್ತು. ಹನ್ನೊಂದು ವರ್ಷದ ಹಿಂದೆ ಏಣಿಯಿಂದ ಬಿದ್ದು ಮಾವನ ಭುಜದ ಕೀಲು ತಪ್ಪಿದ ಮೇಲೆ ಅದು ಗೋಡೆ ಹತ್ತಿತು. "ಭುಜ ಕೇಳಲ್ಲ" ಎನ್ನುತ್ತಿದ್ದರು. ವಾರಕ್ಕೊಮ್ಮೆ ಇಳಿಸಿ, ಒರೆಸಿ, ಐದು ನಿಮಿಷ ಮುಖ ಕಿವಿಚಿಕೊಂಡು ನುಡಿಸಿ, ಮತ್ತೆ ಬಟ್ಟೆಯ ಚೀಲ ತೊಡಿಸಿ ತೂಗುಹಾಕುತ್ತಿದ್ದರು.

ಮಾವನ ವಿಷಯದಲ್ಲಿ ತೂಕಪ್ಪನಿಗೆ ತೀರದ ಒಂದು ಋಣವಿತ್ತು. ಹೆಣ್ಣು ಕೇಳಲು ಹೋದಾಗ ಅವನಿಗೆ ಕೆಲಸ ಕಾಯಂ ಆಗಿರಲಿಲ್ಲ. ನಾಲ್ಕು ಮನೆಯವರು ನೀರು ಕೊಟ್ಟು ಕಳಿಸಿದ್ದರು. ಐದನೆಯ ಮನೆಯಲ್ಲಿ ಮಾವ ಅವನನ್ನು ಏನೂ ಕೇಳಲಿಲ್ಲ. ಗಿಟಾರು ಇಳಿಸಿ ಒಂದು ಗಂಟೆ ನುಡಿಸಿದರು, ಇವನು ಒಂದು ಗಂಟೆ ಅಲ್ಲಾಡದೆ ಕೂತು ಕೇಳಿದ. "ಇಷ್ಟು ಹೊತ್ತು ಕೂರೋನು ಎಲ್ಲಿಗೂ ಓಡಿಹೋಗಲ್ಲ" ಎಂದು ಮಗಳನ್ನು ಕೊಟ್ಟರು. ನಿಜ ಹೇಳಬೇಕೆಂದರೆ ಅಂದು ತೂಕಪ್ಪನ ಎರಡೂ ಕಾಲು ಜೋಮು ಹಿಡಿದು ಏಳಲು ಆಗಿರಲಿಲ್ಲ. ಅದನ್ನು ಅವನು ಈವರೆಗೆ ಯಾರಿಗೂ ಹೇಳಿಲ್ಲ.

ಹಾಗಾಗಿ ಅತ್ತೆಯ ನಿಟ್ಟುಸಿರಿಗೆ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ: "ಭಾರ ತಾನೇ? ಇಳಿಸೋಣ. ಭಾರದ ವಿಷಯ ನನಗೆ ಬಿಡಿ ಅತ್ತೆ. ಹಳೇ ಬಣ್ಣ ತೆಗೆದು, ಹಿಂದುಗಡೆ ಕೊರೆದು, ಹೊಸದಾಗಿ ಮಾಡಿ ಕೊಡ್ತೀನಿ."

ಅವನ ಹೆಂಡತಿ ತಲೆಯೆತ್ತಿ ನೋಡಿದಳು. ಗೋಡೆಗೆ ಮೊಳೆ ಹೊಡೆಯಲು ಹೋಗಿ ಕಿಟಕಿ ಗಾಜು ಒಡೆದವನು ಇವನೇ.

ಆದರೆ ಅವಕಾಶ ತಾನಾಗಿ ಕೂಡಿಬಂತು. ಮಾವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕಿರಿಯ ಮಗಳ ಊರಿಗೆ ಹೊರಟರು, ಎರಡು ವಾರಕ್ಕೆ. ಅವರ ಬಸ್ಸು ಹೋದದ್ದೇ ತಡ, ಅತ್ತೆ ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಳಿಯನಿಗೆ ಕೊಟ್ಟರು. ಬಟ್ಟೆಯ ಚೀಲದೊಳಕ್ಕೆ ಒಂದು ದಿಂಬನ್ನೂ ಒಂದು ಪೊರಕೆಯನ್ನೂ ತುರುಕಿ ಗೋಡೆಗೆ ನೇತುಹಾಕಿದರು. ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ತೂಕಪ್ಪ ಮೊದಲು ಮಾಡಿದ ಕೆಲಸ ಗಿಟಾರನ್ನು ಲಾರಿ ತೂಗುವ ಹಾಸಿನ ನಡುವೆ ಮಲಗಿಸಿ ಕಿಟಕಿಗೆ ಓಡಿಬಂದು ಅಂಕಿ ನೋಡಿದ್ದು. ಆ ಯಂತ್ರ ಇಪ್ಪತ್ತು ಕಿಲೋಗಿಂತ ಕಡಿಮೆ ಇದ್ದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸೊನ್ನೆ ತೋರಿಸಿತು. ಹಿಂದೆ ಕಾಯುತ್ತಿದ್ದ ಲಾರಿಯ ಚಾಲಕ ಕೆಳಗಿಳಿದು ಬಂದು, "ಏನು ಬಂತು ಸಾರ್?" ಎಂದ. "ಭಾರವೇ ಇಲ್ಲ" ಎಂದು ತೂಕಪ್ಪ ಸತ್ಯವಂತನಾಗಿ ಹೇಳಿದ. ಆಮೇಲೆ ಕಾಳು ಪರೀಕ್ಷೆಯ ಕೋಣೆಯ ಸಣ್ಣ ತಕ್ಕಡಿಯಲ್ಲಿ ಇಟ್ಟಾಗ ಏಳು ಕಿಲೋ ಬಂತು. ನಾಲ್ಕಕ್ಕೆ ಇಳಿಸುವುದೆಂದು ನಿಶ್ಚಯಿಸಿ, ಮ್ಯಾನೇಜರ ಬಳಿ ಹೋಗಿ, 'ಸ್ವಂತ ಕೆಲಸ' ಎಂದು ಬರೆದು ಹತ್ತು ದಿನದ ರಜೆ ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಅದು ಅವನ ಮೊದಲ ರಜೆ.

ಇಲ್ಲಿ ಆ ತೂಕದ ಕಿಟಕಿಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ತೂಕಪ್ಪನಿಗೆ ಮೊದಲು ಅಲ್ಲಿ ಮೂವರು ಕೂತಿದ್ದರು. ಮೂವರೂ ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡವರು. ಹಾಗಾಗಿ ಆ ಕಿಟಕಿಯಲ್ಲಿ ಬೇರೆ ಮುಖ ಕಂಡರೆ ಏನು ಅರ್ಥ ಎಂದು ಊರಿಗೆಲ್ಲ ಗೊತ್ತಿತ್ತು. ತೂಕದವನು ರಜೆ ಹಾಕುತ್ತಾನೆ ಎಂಬುದನ್ನು ಆ ಊರು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಇಂಥ ಅವಮಾನದ ವಿಷಯವನ್ನು ಬಾಯಿಬಿಟ್ಟು ಕೇಳಬಾರದೆಂಬ ಮರ್ಯಾದೆಯೂ ಆ ಊರಿಗೆ ಇತ್ತು. ಬಾಯಿಬಿಟ್ಟು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತೂಕಪ್ಪ ಹಿತ್ತಲಿನ ಗೋಡೆಯ ಬುಡದಲ್ಲಿ ಮಣೆ ಹಾಕಿಕೊಂಡು, ಬಣ್ಣ ಕರಗಿಸುವ ದ್ರಾವಣ ಸವರಿ ಸವರಿ ಹಸಿರು ಕೆರೆಯುತ್ತಿದ್ದ. ಅದರ ಘಾಟಿಗೆ ಕಣ್ಣು ಕೆಂಡವಾಗಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಗೋಡೆಯ ಆಚೆಯಿಂದ ಟಪಾಲಮ್ಮ ಇಣುಕಿದರು. ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತರಾದವರು. ಈಗ ಅಂಚೆಯಿಲ್ಲದೆಯೂ ಹಂಚುತ್ತಿದ್ದರು. ಅವರಿಗೆ ಕಂಡದ್ದು ಇವನ ಅಳುವ ಮುಖ ಮಾತ್ರ. ಗಿಟಾರು ಗೋಡೆಯ ಮರೆಯಲ್ಲಿತ್ತು.

"ಏನಪ್ಪ, ಮನೇಲೇ ಇದ್ದೀಯ?" ಎಂದರು, ಹಗುರವಾಗಿ.

"ಹೂಂ. ಇನ್ನು ನನ್ನ ಕೆಲಸ ಎಲ್ಲ ಇಲ್ಲೇ."

ಟಪಾಲಮ್ಮ ಗೋಡೆಯ ಮೇಲೆ ಮೊಣಕೈ ಊರಿದರು. "ಎಷ್ಟೋ ವರ್ಷದ್ದು. ಒಂದೇ ದಿನಕ್ಕೆ ಹೋಯ್ತಲ್ಲ."

"ಒಂದೇ ದಿನಕ್ಕೆ ಎಲ್ಲಿ ಹೋಗುತ್ತಮ್ಮ? ಬೆಳಿಗ್ಗೆಯಿಂದ ಕೆರೆದೂ ಕೆರೆದೂ ಕೈ ಸೋತುಹೋಯ್ತು. ಪದರ ಪದರವಾಗಿ ಇದೆ."

"ಹೌದಪ್ಪ, ಹಾಗೇ ಇರುತ್ತೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ಮ ಮಾವನಿಗೆ ಗೊತ್ತಾ?"

ತೂಕಪ್ಪ ಗಾಬರಿಯಾಗಿ ಎದ್ದು ನಿಂತ. "ದಯವಿಟ್ಟು ಅವರಿಗೆ ಹೇಳಬೇಡಿ. ಅವರಿಗೊಬ್ಬರಿಗೆ ಗೊತ್ತಾಗಬಾರದು. ಸಮಯ ನೋಡಿ ನಾನೇ ಹೇಳ್ತೀನಿ."

"ನನ್ನ ಹೊಟ್ಟೆಯಿಂದ ಒಂದು ಮಾತು ಹೊರಗೆ ಬರಲ್ಲ" ಎಂದರು ಟಪಾಲಮ್ಮ. ಸಂಜೆಯ ಹೊತ್ತಿಗೆ ಅದು ಏಳು ಬೀದಿಗೆ ತಲುಪಿತ್ತು. ಆದರೆ ಅವರ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು: ಏಳು ಬೀದಿಯಲ್ಲೂ ಅವರು, "ಅವನು ತಕ್ಕಡಿ ಒತ್ತಿ ಮೋಸ ಮಾಡಿರಲ್ಲ, ಯಾರೋ ಸಿಕ್ಕಿಸಿದ್ದಾರೆ" ಎಂದೇ ಹೇಳಿದ್ದರು.

ಗುರುವಾರ ಬಣ್ಣ ಪೂರ್ತಿ ಹೋಗಿ ಒಳಗಿನ ಮರ ಕಂಡಿತು. ತೂಕಪ್ಪ ಗಿಟಾರನ್ನು ಬೋರಲು ಹಾಕಿ, ಗಿರಣಿಯ ಮಿಸ್ತ್ರಿಯಿಂದ ತಂದ ಡ್ರಿಲ್ಲು ಹಿಡಿದು, ಬೆನ್ನಿನಲ್ಲಿ ಕುಳಿ ತೋಡತೊಡಗಿದ. ಹನ್ನೊಂದು ಕುಳಿ ಚೆನ್ನಾಗಿ ಬಂದವು. ಹನ್ನೆರಡನೆಯದಕ್ಕೆ ಆತ್ಮವಿಶ್ವಾಸ ಬಂತು. ಡ್ರಿಲ್ಲು ಸರ್ರನೆ ಇಳಿದು ಆಚೆ ಬಂದುಬಿಟ್ಟಿತು. ಗಿಟಾರನ್ನು ಎತ್ತಿ ತೂತಿಗೆ ಕಣ್ಣು ಹಚ್ಚಿ ನೋಡಿದರೆ ಆಚೆ ಕಡೆ ಇನ್ನೊಂದು ಕಣ್ಣು ಕಂಡಿತು. ಅದು ಹೆಂಡತಿಯದು.

"ಎಷ್ಟು ಇಳೀತು?" ಎಂದಳು ಅವಳು.

"ಎರಡು ಕಿಲೋ ಚಿಲ್ಲರೆ."

"ಮಾನಾನೂ ಸೇರಿಸಿ ಹೇಳ್ತಿದ್ದೀರೋ?"

ಅವನು ಡ್ರಿಲ್ಲು ಕೆಳಗಿಟ್ಟ. ಮಾವ ತಮ್ಮ ಕೈಯಿಂದ ಮಾಡಿದ್ದು. ಹನ್ನೊಂದು ವರ್ಷ ಮಗುವಿನ ಹಾಗೆ ಒರೆಸಿಟ್ಟದ್ದು. ಅದರ ಮುಖಕ್ಕೇ ಅವನು ತೂತು ಕೊರೆದಿದ್ದ. ಮಣೆಯ ಮೇಲೆ ಕೂತು ಅದನ್ನೇ ನೋಡಿದ. ಮಾವ ವಾಪಸ್ಸು ಬರಲು ಎಂಟು ದಿನವಿತ್ತು. ಹೊಸ ಬಣ್ಣ ಹಚ್ಚುವುದು ಹೇಗೆಂದು ಗೊತ್ತಿರಲಿಲ್ಲ. ಸುರುಳಿಯ ತಂತಿ ಎಲ್ಲೋ ತುಂಡಾಗಿ ಸದ್ದೇ ಬರುತ್ತಿರಲಿಲ್ಲ. ಈಗ ಇದೊಂದು.

ಆಗ ಹಿತ್ತಲ ಬಾಗಿಲಲ್ಲಿ ಬಣ್ಣದ ಮೇಸ್ತ್ರಿ ಕೆಮ್ಮಿದ. ಲಾರಿಗಳ ಬಾಗಿಲಿಗೆ ಬಣ್ಣ ಹೊಡೆಯುವವನು, ಗಿರಣಿಯ ಎದುರೇ ಅವನ ಶೆಡ್ಡು. ತೂಕಪ್ಪನಿಗೂ ಅವನಿಗೂ ನಮಸ್ಕಾರದಷ್ಟೇ ಪರಿಚಯ. ಬಂದವನು ಮುಜುಗರದಿಂದ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಾ ನಿಂತ.

"ಒಂದು ಮಾತು ಕೇಳ್ತೀನಿ ಸಾರ್, ಬೇಜಾರು ಮಾಡ್ಕೋಬೇಡಿ. ನಿಮಗೆ ಬಣ್ಣದ ಕೆಲಸ ಕಲಿಯೋ ಮನಸ್ಸಿದೆಯಾ?"

ತೂಕಪ್ಪ ಬಾಯಿ ತೆರೆದು ನೋಡಿದ. "ಇದೆ. ಅದನ್ನೇ ಯೋಚನೆ ಮಾಡ್ತಾ ಕೂತಿದ್ದೆ."

"ವಯಸ್ಸು ಅಡ್ಡ ಬರಲ್ಲ ಸಾರ್. ನಾನೂ ಮೂವತ್ತು ದಾಟಿದ ಮೇಲೇ ಗನ್ನು ಹಿಡಿದದ್ದು." ಮೇಸ್ತ್ರಿಗೆ ಹೇಳುತ್ತಾ ಹೇಳುತ್ತಾ ಕಣ್ಣು ಒದ್ದೆಯಾಯಿತು. ಹೊರಗೆ ಹೋಗಿ, ಸೈಕಲ್ಲಿಗೆ ಕಟ್ಟಿ ತಂದಿದ್ದ ಬಣ್ಣ ಚಿಮ್ಮುವ ಗನ್ನು, ಗಾಳಿಯ ಪಂಪು, ಎರಡು ಡಬ್ಬಿ ಮೆರುಗೆಣ್ಣೆ ಇಳಿಸಿದ. ಬೆಂಚಿನ ಮೇಲಿನ ಗಿಟಾರನ್ನು ಕಂಡು, "ಅಭ್ಯಾಸಕ್ಕೆ ಒಳ್ಳೇ ಸಾಮಾನು ಇಟ್ಕೊಂಡಿದ್ದೀರಿ" ಎಂದು ಮೆಚ್ಚಿದ. ತೂಕಪ್ಪ ಇಂಥ ಅಕಾರಣ ದಯೆಗೆ ಕಾರಣ ಕೇಳಬಾರದೆಂದುಕೊಂಡ. ಗನ್ನು ಹಿಡಿದ.

"ಮಣಿಕಟ್ಟು ತಿರುಗಿಸಬೇಡಿ ಸಾರ್. ಇಡೀ ಮೈ ಪಕ್ಕಕ್ಕೆ ಹೋಗಬೇಕು, ಏಡಿ ಹೋದ ಹಾಗೆ."

ತೂಕಪ್ಪ ಆ ದಿನವೆಲ್ಲ ಹಿತ್ತಲಿನಲ್ಲಿ ಹಳೆಯ ಬಾಗಿಲ ಹಲಗೆಯೊಂದರ ಮುಂದೆ ಏಡಿಯಾದ. ಗೋಡೆಯ ಆಚೆಯಿಂದ ತಲೆ ಮಾತ್ರ ಅತ್ತಿಂದಿತ್ತ ಸರಿಯುವುದನ್ನು ನೋಡಿ ಟಪಾಲಮ್ಮ ಅಂದು ಅನ್ನ ಬಿಟ್ಟರು.

ಮಾರನೆಯ ದಿನ ಮೋಟಾರಿನ ಸುರುಳಿ ಸುತ್ತುವವನು ಬಂದ. ಸುಟ್ಟುಹೋದ ಪಂಪು, ಫ್ಯಾನು ರಿಪೇರಿಯ ಅಂಗಡಿ ಅವನದು. ಮಾತು ಕಡಿಮೆ. "ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಸುತ್ತೋ ಕೆಲಸ ಇದ್ರೆ ಮನಸ್ಸು ನಿಲ್ಲುತ್ತೆ. ಕಲಿಸಲಾ?" ಎಂದ. ತೂಕಪ್ಪ ಗಿಟಾರಿನ ಸತ್ತ ಸುರುಳಿಯನ್ನು ಅವನ ಅಂಗೈಯಲ್ಲಿಟ್ಟ. ಅವನು ಅದನ್ನು ಮೂಸಿ, ಮೀಟರು ಹಿಡಿದು, "ಮೇಲಿನ ಪದರದಲ್ಲೇ ತುಂಡಾಗಿದೆ. ಎಂಟು ಸಾವಿರ ಸುತ್ತು. ಸೋಮವಾರ ತರ್ತೀನಿ" ಎಂದ. ಆಮೇಲೆ ಮರದ ಮುಖದಲ್ಲಿದ್ದ ಆ ತೂತನ್ನು ನೋಡಿದ. ತೂಕಪ್ಪ ತಲೆ ತಗ್ಗಿಸಿದ. "ಇಲ್ಲಿ ಒಂದು ತಿರುಗುಣಿ ಕೂರಿಸೋಣ. ದನಿ ದಪ್ಪ ಸಣ್ಣ ಮಾಡೋಕೆ ಆಗುತ್ತೆ. ಇದಕ್ಕೆ ಅದೇ ಇರಲಿಲ್ಲ ನೋಡಿ" ಎಂದ. ತೂಕಪ್ಪನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಯೂ ಕೊಂಡ. ಸುರುಳಿಯವನು ಅದನ್ನು ಕೆಲಸ ಹೋದವನ ದುಃಖವೆಂದು ತಿಳಿದು ಬೆನ್ನು ತಟ್ಟಿದ.

ಇತ್ತ ಅವನ ಹೆಂಡತಿ ಬೇರೆಯೇ ವಿಸ್ಮಯದಲ್ಲಿದ್ದಳು. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. "ಈ ಊರಿನ ಬಟ್ಟೆಯೆಲ್ಲ ಇದೇ ವಾರ ಹರಿದಿದೆ ಕಣ್ರೀ" ಎಂದಳು. "ಹೊಚ್ಚ ಹೊಸ ದಿಂಬಿನ ಚೀಲಕ್ಕೆ ಇನ್ನೊಂದು ಸಲ ಹೊಲಿಗೆ ಹಾಕಿಕೊಡು ಅಂತಾರೆ." ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಗಳಿಂದ ಬಂದ ಮುಚ್ಚಿದ ಪಾತ್ರೆಗಳು ಸಾಲಾಗಿ ಕೂತಿದ್ದವು. ಯಾಕೆ ಎಂದು ಅವಳು ಕೇಳಿದರೆ, "ಸುಮ್ನೆ, ಜಾಸ್ತಿಯಾಗಿತ್ತು" ಎಂದು ಎಲ್ಲರೂ ನೆಲ ನೋಡುತ್ತಿದ್ದರು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ತೂಕಪ್ಪನ ಅಕ್ಕ ಬಂದಿಳಿದಳು. ಬಾಗಿಲಲ್ಲೇ ತಮ್ಮನ ತಲೆಯನ್ನು ಎದೆಗೊತ್ತಿಕೊಂಡಳು. ಮೆರುಗೆಣ್ಣೆ ಅವಳ ಸೀರೆಗೆ ಅಂಟಿಕೊಂಡಿತು.

"ತಕ್ಕಡಿ ಒತ್ತಿದೆಯೋ ಇಲ್ಲವೋ ನಾನು ಕೇಳಲ್ಲ. ಒತ್ತಿದ್ರೂ ನೀನು ನನ್ನ ತಮ್ಮನೇ. ನಿಮ್ಮ ಭಾವನ ಅಂಗಡೀಲೂ ಒಂದು ತಕ್ಕಡಿ ಇದೆ, ಬಂದು ಕೂತ್ಕೋ. ಮಹಡಿ ಮೇಲಿನ ಕೋಣೆ ಗುಡಿಸಿಟ್ಟು ಬಂದಿದ್ದೀನಿ."

"ಯಾಕಕ್ಕ?" ಎಂದ ತೂಕಪ್ಪ, ಅವಳ ಎದೆಯೊಳಗಿನಿಂದಲೇ.

ಯಾಕೆ ಎಂದು ಅಕ್ಕ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಇಬ್ಬರ ಕಣ್ಣೂ ನಿಧಾನವಾಗಿ ಪಾತ್ರೆಗಳ ಸಾಲು, ಗನ್ನು, ಪಂಪು, ಡಬ್ಬಿಗಳ ಮೇಲೆ ಹರಿದವು.

"ಇವತ್ತೇ ಹೋಗಿ ಹೇಳಿ ಬನ್ನಿ, ಒಬ್ಬೊಬ್ಬರಿಗೂ" ಎಂದಳು ಹೆಂಡತಿ.

ತೂಕಪ್ಪ ಮೊದಲು ಬಣ್ಣದ ಮೇಸ್ತ್ರಿಯ ಶೆಡ್ಡಿಗೆ ಹೋದ. ಹೇಳಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅಲ್ಲಿ ನಾಲ್ಕು ಲಾರಿಯವರಿದ್ದರು. ಮೇಸ್ತ್ರಿ ಇವನನ್ನು ಕಂಡದ್ದೇ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿ, "ಇವರೇ ನನ್ನ ಶಿಷ್ಯರು. ಎರಡು ದಿನದಲ್ಲಿ ಏನು ಕೈ ಕುದುರಿದೆ ಅಂತೀರಿ" ಎಂದ. ಅವನಿಗೆ ಈವರೆಗೆ ಯಾರೂ ಶಿಷ್ಯರಿರಲಿಲ್ಲ. ತೂಕಪ್ಪ ಮೂರನೆಯ ಡಬ್ಬಿ ಮೆರುಗೆಣ್ಣೆ ಹಿಡಿದು ಮನೆಗೆ ಬಂದ.

"ಹೇಳಿದ್ರಾ?"

"ಹೇಳೋಕೆ ಹೋದೆ. ಕೊನೇ ಪದರ ಒಣಗಿದ ಮೇಲೆ ಹೇಳೋದು ಒಳ್ಳೇದು ಅನ್ನಿಸ್ತು."

ಮೆರುಗೆಣ್ಣೆ ಒಣಗಲು ಮೂರು ದಿನ ಬೇಕು. ಅಷ್ಟು ಹೊತ್ತು ತೂಕಪ್ಪನ ಮನಸ್ಸಾಕ್ಷಿಯೂ ಧೂಳು ಬೀಳದಂತೆ ಬಟ್ಟೆ ಮುಚ್ಚಿಕೊಂಡು ನೆರಳಿನಲ್ಲಿ ಕೂತಿತ್ತು.

ಅವನಿಗೆ ತಿಳಿಯದ ಇನ್ನೊಂದು ಸಂಗತಿ ಗಿರಣಿಯಲ್ಲಿ ನಡೆಯುತ್ತಿತ್ತು. ಕಾರ್ಮಿಕರ ಸಂಘದ ಕಾರ್ಯದರ್ಶಿ ನೂರ ಎಂಬತ್ತು ಜನರ ಸಹಿ ಹಾಕಿಸಿ, 'ತೂಕದ ಗುಮಾಸ್ತರನ್ನು ಕೂಡಲೇ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು' ಎಂಬ ಮನವಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟಿದ್ದ.

"ಅವರು ರಜೆಯಲ್ಲಿದ್ದಾರೆ ಕಣ್ರೀ" ಎಂದರು ಮ್ಯಾನೇಜರು.

"ಆಡಳಿತದವರು ಅದಕ್ಕೆ ಹಾಗೇ ಹೆಸರಿಡೋದು ಸಾರ್" ಎಂದ ಕಾರ್ಯದರ್ಶಿ.

"ಅವರೇ ಬರೆದು ಕೊಟ್ಟಿದ್ದಾರೆ. ಸ್ವಂತ ಕೆಲಸ ಅಂತ."

"ಇಪ್ಪತ್ತೆರಡು ವರ್ಷದಲ್ಲಿ ಇಲ್ಲದ ಸ್ವಂತ ಕೆಲಸ ಈಗ ಎಲ್ಲಿಂದ ಬಂತು ಸಾರ್? ಬರೆಸಿಕೊಂಡಿದ್ದೀರಿ."

ಮ್ಯಾನೇಜರಿಗೆ ತಾನೇ ಬರೆಸಿಕೊಂಡೆನೇನೋ ಎಂಬ ಅನುಮಾನ ಬಂತು. ಬಂದ ಮನವಿಗೆ ಕಡತ ತೆರೆಯಲೇಬೇಕು, ತೆರೆದ ಕಡತವನ್ನು ಮುಚ್ಚಲೇಬೇಕು. ಮರುನೇಮಕದ ಬೇಡಿಕೆಯನ್ನು ಒಪ್ಪಿ ಮುಚ್ಚುವುದು ಸುಲಭ. ಆದರೆ ವಜಾ ಆಗದವನನ್ನು ಮರುನೇಮಕ ಮಾಡಲು ನಿಯಮವಿಲ್ಲ. ಅವರು ಎರಡು ದಿನ ನಿಯಮಗಳ ಪುಸ್ತಕ ಓದಿದರು.

ಬುಧವಾರ ಸಂಜೆ ನಾಲ್ಕು ಗಂಟೆ. ಗಿಟಾರು ಸಿದ್ಧವಾಗಿತ್ತು. ಹೊಸ ತಂತಿ ಬಿಗಿದಾಗಿತ್ತು, ಸುರುಳಿ ಕೂತಿತ್ತು, ತೂತಿನ ಜಾಗದಲ್ಲಿ ಕಪ್ಪು ತಿರುಗುಣಿ ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ಮಿಂಚುತ್ತಿತ್ತು. ಹಿತ್ತಲ ಬಾಗಿಲಿನ ಕೊಕ್ಕೆಗೆ ಅದನ್ನು ನೇತುಹಾಕಿ ತೂಕಪ್ಪ ಮೆತ್ತನೆಯ ಬಟ್ಟೆಯಿಂದ ಕೊನೆಯ ಸಲ ಉಜ್ಜುತ್ತಿದ್ದ. ಎಲ್ಲರಿಗೂ ನಿಜ ಹೇಳಿ ಕ್ಷಮೆ ಕೇಳಬೇಕೆಂದು ಅವನೇ ಮೇಸ್ತ್ರಿಯನ್ನೂ ಸುರುಳಿಯವನನ್ನೂ ಕರೆಸಿದ್ದ. ಕರೆಯದೆಯೂ ಟಪಾಲಮ್ಮ ಬಂದಿದ್ದರು, ಕಾರ್ಯದರ್ಶಿ ಬಂದಿದ್ದ. ಅಕ್ಕ ಹೋಗಿಯೇ ಇರಲಿಲ್ಲ. ರಜೆಯಲ್ಲಿರುವವನು ಕಚೇರಿಯೊಳಗೆ ಸಹಿ ಮಾಡುವಂತಿಲ್ಲ ಎಂಬ ನಿಯಮಕ್ಕೆ ತಲೆಬಾಗಿ ಮ್ಯಾನೇಜರೇ ಕಡತ ಹಿಡಿದು ಬಂದರು.

ತೂಕಪ್ಪ ಗಂಟಲು ಸರಿಮಾಡಿಕೊಂಡು, "ನಾನು ಒಂದು ವಿಷಯ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮಾವ ನಿಂತಿದ್ದರು. ಕಣ್ಣಿಗೆ ಕರಿ ಕನ್ನಡಕ. ಹಿಂದೆ ಅತ್ತೆ, ಮುಖ ಸಣ್ಣದು ಮಾಡಿಕೊಂಡು. ಅಕ್ಕ ಇಲ್ಲಿಗೆ ಹೊರಡುವ ಮುಂಚೆಯೇ ಫೋನು ಮಾಡಿ ಸುದ್ದಿ ಹೇಳಿದ್ದರಿಂದ ಮಾವ, ಕಣ್ಣಿನ ಕಟ್ಟು ಬಿಚ್ಚಿದ್ದೇ ತಡ, ಎರಡು ದಿನ ಮೊದಲೇ ಬಸ್ಸು ಹತ್ತಿದ್ದರು. ಮನೆಗೆ ಬಂದವರು ನೇರ ಗೋಡೆಯ ಬಳಿ ಹೋಗಿ ಬಟ್ಟೆಯ ಚೀಲ ಇಳಿಸಿದ್ದರು. ಅಳಿಯನ ಕಷ್ಟಕ್ಕೆ ಆಗಲಿ, ಮಾರಿಕೊಳ್ಳಲಿ ಎಂದು ಗಿಟಾರನ್ನು ಅವನ ಕೈಗೆ ಕೊಡುವುದು ಅವರ ಯೋಚನೆ. ಚೀಲದಿಂದ ದಿಂಬು ಬಂತು, ಪೊರಕೆ ಬಂತು. ಅತ್ತೆ, "ಅಳಿಯಂದಿರ ಹತ್ತಿರ ಇದೆ" ಎಂದಷ್ಟೇ ಹೇಳಿದ್ದರು. ಕೆಲಸ ಹೋದವನ ಕೈ ಸೇರಿದ್ದು ಆಗಲೇ ಮಾರಿಹೋಗಿರಬೇಕೆಂದು ಮಾವ ತಿಳಿದಿದ್ದರು.

ಮಾವ ಯಾರನ್ನೂ ನೋಡದೆ ತೂಕಪ್ಪನ ಬಳಿ ಬಂದರು.

"ಮಾರಿದ್ದು ಒಳ್ಳೇದೇ ಆಯ್ತು" ಎಂದರು ಮೆಲ್ಲಗೆ. "ಕೊಡೋಕೇ ಅಂತ ಬಂದೆ. ನನ್ನ ಕೈಯಾರೆ ಕೊಡೋದು ತಪ್ಪಿತು. ನಿನ್ನ ಮೇಲೆ ಸಿಟ್ಟಿಲ್ಲ. ಭುಜ ಹೇಗೂ ಕೇಳ್ತಿರಲಿಲ್ಲ."

ತೂಕಪ್ಪ ಏನೋ ಹೇಳಲು ಹೋದ. ಬಾಯಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಮಾವನೂ ಮುಖ ಬೇರೆ ಕಡೆ ತಿರುಗಿಸಿದರು. ಹಾಗೆ ತಿರುಗಿಸಿದಾಗ ಬಾಗಿಲಿನ ಕೊಕ್ಕೆಯಲ್ಲಿ ತೂಗುತ್ತಿದ್ದದ್ದು ಕಂಡಿತು. ನಲವತ್ತು ವರ್ಷ ಅವರು ತಮ್ಮ ಗಿಟಾರನ್ನು ಹಸಿರಾಗಿಯೇ ಕಂಡವರು. ಇದು ಜೇನಿನ ಬಣ್ಣಕ್ಕಿತ್ತು.

"ಇದು ಯಾರದ್ದು?" ಎಂದು ಹತ್ತಿರ ಹೋಗಿ ಕನ್ನಡಕ ಹಣೆಗೇರಿಸಿದರು. ಹೊಸದಾಗಿ ಬೆಳಕು ಬಂದ ಕಣ್ಣು. "ಮರದ ನಾರು ನೋಡಿ, ನೀರು ಹರಿದ ಹಾಗಿದೆ. ಮಾಡಿದವನು ಮೂರು ಹಲಗೆ ಸೇರಿಸಿದ್ದಾನೆ, ಆದ್ರೆ ಜೋಡಣೆ ಪರವಾಗಿಲ್ಲ, ಕೈ ಇದೆ." ಬೆರಳು ಜೋಡಣೆಯ ಗೆರೆಗುಂಟ ಇಳಿಯಿತು. ಕೆಳಗೆ, ಅಂಚಿನಲ್ಲಿ, ಉಗುರಿನಷ್ಟು ಚಿಕ್ಕ ತುಂಡೊಂದನ್ನು ಸೇರಿಸಿ ತೇಪೆ ಹಾಕಿದ್ದ ಜಾಗಕ್ಕೆ ಬಂದು ನಿಂತಿತು. ಉಳಿ ಜಾರಿ ಕಿತ್ತುಬಂದದ್ದನ್ನು ಮುಚ್ಚಲು ಅವರೇ ಒಂದು ಸಂಜೆ ಪೂರ್ತಿ ಕೂತು ಹಾಕಿದ ತೇಪೆ. ಬಣ್ಣದಡಿ ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದು.

ಬೆರಳು ಅಲ್ಲೇ ಬಹಳ ಹೊತ್ತು ಇತ್ತು.

"ತೂತು ಕೊರೆದಿದ್ದೀನಿ ಮಾವ" ಎಂದ ತೂಕಪ್ಪ. ಒಮ್ಮೆ ಬಾಯಿ ಬಂದದ್ದೇ ಎಲ್ಲವೂ ಬಂತು. "ಬೆನ್ನಲ್ಲಿ ಹನ್ನೆರಡು. ಒಂದು ಈಚೆಗೂ ಬಂತು, ಅದಕ್ಕೇ ಆ ತಿರುಗುಣಿ. ನನ್ನ ಕೆಲಸ ಹೋಗಿಲ್ಲ. ರಜೆ ಹಾಕಿ ಇದನ್ನು ಮಾಡ್ತಿದ್ದೆ, ನಿಮ್ಮ ಭುಜಕ್ಕೆ ಹಗುರ ಆಗಲಿ ಅಂತ. ಇವರೆಲ್ಲ ನನ್ನ ಕೆಲಸ ಹೋಯ್ತು ಅಂತ ಬಂದು ಸಹಾಯ ಮಾಡಿದ್ರು. ಶನಿವಾರದಿಂದ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ರೆ ಇದು ಮುಗೀತಿರಲಿಲ್ಲ."

ಕೆಲಸ ಹೋಗದ ಮನುಷ್ಯನೊಬ್ಬ ಎದುರಿಗೆ ಆರೋಗ್ಯವಾಗಿ ನಿಂತಿರುವುದನ್ನು ನೋಡಿ ಸಂತೋಷಪಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಅಷ್ಟು ಸುಲಭವಾಗಿರಲಿಲ್ಲ.

"ಹಾಗಾದ್ರೆ ನೀವು ನನ್ನ ಶಿಷ್ಯರಲ್ಲ" ಎಂದ ಮೇಸ್ತ್ರಿ.

"ನಾನು ಒಂದು ದಿನ ಉಪವಾಸ ಇದ್ದೆ" ಎಂದರು ಟಪಾಲಮ್ಮ.

"ನೂರ ಎಂಬತ್ತು ಸಹಿ" ಎಂದ ಕಾರ್ಯದರ್ಶಿ.

ಆಗ ಮ್ಯಾನೇಜರು ಕಡತ ಬಿಚ್ಚಿದರು. ಅವರ ಮುಖದಲ್ಲಿ ಎರಡು ದಿನ ನಿಯಮ ಓದಿದವನ ಶಾಂತಿ ಇತ್ತು. "ಯಾರೂ ಬೇಸರ ಮಾಡ್ಕೋಬೇಡಿ. ಕಡತ ಮುಚ್ಚಬೇಕಾದ್ರೆ ಮೊದಲು ಇವರನ್ನ ವಜಾ ಮಾಡಬೇಕು, ಆಮೇಲೆ ಮರುನೇಮಕ ಮಾಡಬೇಕು. ಎರಡೂ ಆದೇಶ ತಂದಿದ್ದೀನಿ. ನಾಲ್ಕು ಇಪ್ಪತ್ತಕ್ಕೆ ವಜಾ, ನಾಲ್ಕು ಮೂವತ್ತಕ್ಕೆ ಮರುನೇಮಕ. ಇಲ್ಲಿ ಸಹಿ ಹಾಕಿ."

ತೂಕಪ್ಪ ಸಹಿ ಹಾಕಿದ. ಬಣ್ಣದ ಮೇಸ್ತ್ರಿ ಮ್ಯಾನೇಜರ ಗಡಿಯಾರವನ್ನು ಬಗ್ಗಿ ನೋಡಿದ.

"ಅಂದ್ರೆ ಈಗ ಇವರಿಗೆ ಕೆಲಸ ಇಲ್ಲ?"

"ಇನ್ನು ಹತ್ತು ನಿಮಿಷ ಇಲ್ಲ."

"ನಿಜವಾಗ್ಲೂ?"

"ಸರ್ಕಾರಿ ಮೊಹರು ಹಾಕಿದಷ್ಟೇ ನಿಜ."

ಮೇಸ್ತ್ರಿಯ ಮುಖ ಅರಳಿತು. ಅವನು ಬಂದು ತೂಕಪ್ಪನ ಹೆಗಲ ಮೇಲೆ ಕೈ ಹಾಕಿ, "ಧೈರ್ಯ ತಗೊಳ್ಳಿ ಸಾರ್, ನಾವೆಲ್ಲ ಇದ್ದೀವಲ್ಲ" ಎಂದ. ಅಕ್ಕ ಇನ್ನೊಂದು ಸಲ ಅಪ್ಪಿಕೊಂಡಳು. ಸುರುಳಿಯವನು ಬೆನ್ನು ತಟ್ಟಿದ. ಕಾರ್ಯದರ್ಶಿ ಚಿಕ್ಕದಾಗಿ ಭಾಷಣ ಮಾಡಿದ. ಊರಿನವರು ಕೊಟ್ಟದ್ದೆಲ್ಲ ಸರಿಯಾದ ವಿಳಾಸಕ್ಕೇ ತಲುಪಿತ್ತು ಎಂದು ಟಪಾಲಮ್ಮನೂ ಸಮಾಧಾನ ಪಟ್ಟರು. ಆ ಹತ್ತು ನಿಮಿಷ ತೂಕಪ್ಪ ಒಬ್ಬೊಬ್ಬರ ಕೈಯನ್ನೂ ಹಿಡಿದು ನಿಂತ. ಕೆಲಸ ಕಳೆದುಕೊಂಡ ಮನುಷ್ಯನೊಬ್ಬ ಅಷ್ಟು ಸಂತೋಷದಿಂದ ಇದ್ದದ್ದನ್ನು ಆ ಊರು ಹಿಂದೆ ಕಂಡಿರಲಿಲ್ಲ. ದ್ರಾವಣವಿಲ್ಲದೆಯೇ ಕಣ್ಣು ಒದ್ದೆಯಾಗಿತ್ತು.

ಈ ಗಲಾಟೆಯ ನಡುವೆ ಮಾವ ಗಿಟಾರನ್ನು ಕೊಕ್ಕೆಯಿಂದ ಇಳಿಸಿ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಿದ್ದರು. ಯಾವಾಗಿನ ಹಾಗೆ ನೋವಿಗೆಂದು ಹಲ್ಲು ಕಚ್ಚಿ ಕಾದರು. ನೋವು ಬರಲಿಲ್ಲ. ಹಲ್ಲು ಸಡಿಲಿಸಿದರು. ಸುರುಳಿಯವನು ದನಿ ಹೊರಡಿಸಲೆಂದು ತಾನು ತಂದಿದ್ದ ಹಳೆಯ ರೇಡಿಯೊದ ತಂತಿಯನ್ನು ಅದಕ್ಕೆ ಸಿಕ್ಕಿಸಿ, ತಿರುಗುಣಿಯನ್ನು ಅರ್ಧ ತಿರುಗಿಸಿದ.

ಮೊದಲ ಸ್ವರಕ್ಕೆ ಎಲ್ಲರೂ ತಿರುಗಿದರು. ಕಾರ್ಯದರ್ಶಿಯ ಭಾಷಣ ನಿಂತಿತು. ಮಾವನ ಬೆರಳುಗಳು ಎರಡು ಕಡೆ ತಪ್ಪಿದವು, ನಿಂತು ಮತ್ತೆ ಹಿಡಿದವು, ಆಮೇಲೆ ನಿಲ್ಲಲಿಲ್ಲ. ಹೊತ್ತು ಇಳಿಯುವವರೆಗೂ ನುಡಿಸಿದರು. ಗೋಡೆಗೆ ಒರಗಿದವರು ಒರಗಿಯೇ ಇದ್ದರು. ಮ್ಯಾನೇಜರಿಗೆ ಮರುನೇಮಕದ ಆದೇಶ ಕೊಡಲು ನೆನಪಾಗದೆ ನಾಲ್ಕು ಮೂವತ್ತು ದಾಟಿ, ಐದೂವರೆಯೂ ದಾಟಿತು. ತೂಕಪ್ಪ ದಾಖಲೆಯ ಪ್ರಕಾರ ಒಂದು ಗಂಟೆಗೂ ಹೆಚ್ಚು ನಿರುದ್ಯೋಗಿಯಾಗಿದ್ದ, ಯಾರೂ ಗಮನಿಸಲಿಲ್ಲ.

ಎಲ್ಲರೂ ಹೋದ ಮೇಲೆ ಮಾವ ಗಿಟಾರನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿನ ಕುಳಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ತೂಕಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ರಜೆ ಇನ್ನೂ ಎಷ್ಟು ದಿನ ಇದೆ?"

"ಒಂದು ದಿನ ಮಾವ."

"ಸಾಕು." ಗಿಟಾರಿನ ಕತ್ತನ್ನು ಹಿಡಿದು ತೋರಿಸಿದರು. "ಇದು ದಪ್ಪ ಆಗಿದೆ. ಮೊದಲನೇ ದಿನದಿಂದಲೂ ಹೆಬ್ಬೆರಳು ನೋಯುತ್ತೆ. ಮಾಡಿದವನು ನಾನೇ, ಚೆನ್ನಾಗಿದೆ ಅಂದವರು ನೀವೆಲ್ಲ. ಇದನ್ನ ಯಾರ ಹತ್ತಿರ ಹೇಳಲಿ? ಮುಟ್ಟೋಕೆ ನನಗೇ ಧೈರ್ಯ ಬರಲಿಲ್ಲ. ನೀನು ನೋಡಿದ್ರೆ ಡ್ರಿಲ್ಲೇ ಇಟ್ಟುಬಿಟ್ಟಿದ್ದೀಯ." ಎದ್ದು, ಎಲ್ಲಿಗೆ ಹೋದರೂ ಬಿಡದ ತಮ್ಮ ಬಡಗಿ ಚೀಲದಿಂದ ಮರ ಹೆರೆಯುವ ಅಂಗೈಯಗಲದ ಕೀಸುಳಿ ತೆಗೆದರು. "ಆ ತುದಿ ಹಿಡ್ಕೋ."

ತೂಕಪ್ಪ ಬೆಂಚಿನ ಆಚೆ ಮಂಡಿಯೂರಿ ಎರಡೂ ಕೈಯಿಂದ ಹಿಡಿದುಕೊಂಡ. ಮಾವ ಕೀಸುಳಿಯನ್ನು ಮರದ ಮೇಲಿಟ್ಟು, ಎತ್ತಿ, ಮತ್ತೆ ಇಟ್ಟರು.

"ಬಿಗಿಯಾಗಿ ಹಿಡಿ. ಹೆದರಬೇಡ."

"ಹೆದರ್ತಾ ಇಲ್ಲ ಮಾವ."

"ನಿನಗೆ ಹೇಳಿದ್ದಲ್ಲ" ಎಂದರು ಮಾವ, ಮತ್ತು ಮೊದಲ ಎಳೆಯನ್ನು ಹೆರೆದರು.